ಬೆರಳ ತುದಿಗೆ ತಾಗಿದ ಚೆಂಡು

ಫುಟ್‌ಬಾಲ್ ತಂಡದಲ್ಲಿ ಹನ್ನೊಂದು ಜನ ಇರುತ್ತಾರೆ ಎಂಬುದು ಮಕ್ಕಳಿಗೆಲ್ಲ ಗೊತ್ತು. ಆದರೆ ಆ ಹನ್ನೊಂದರಲ್ಲಿ ಹತ್ತು ಜನರ ಲೆಕ್ಕವೇ ಬೇರೆ, ಉಳಿದ ಒಬ್ಬನ ಲೆಕ್ಕವೇ ಬೇರೆ. ಮುಂದೆ ನಿಂತು ಆಡುವವನು ಐದು ಸಲ ಗುರಿ ತಪ್ಪಿ ಆರನೆಯ ಸಲ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಗೋಲ್‌ಕೀಪರ್ ಐದು ಸಲ ಚೆಂಡು ತಡೆದು ಆರನೆಯ ಸಲ ಬಿಟ್ಟರೆ ಜನ ಆ ಐದನ್ನು ಮರೆತು ಆರನೆಯದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಅಡುಗೆ ಮಾಡುವವರ ಪಾಡೂ ಹೀಗೇ ಅಲ್ಲವೇ? ವರ್ಷವಿಡೀ ಸಾರು ಹದವಾಗಿ ಇದ್ದದ್ದನ್ನು ಯಾರೂ ಎತ್ತಿ ಆಡುವುದಿಲ್ಲ. ಒಂದು ದಿನ ಉಪ್ಪು ಹೆಚ್ಚಾದರೆ ಅದು ನೆಂಟರಿಷ್ಟರಿಗೆಲ್ಲ ಗೊತ್ತಾಗುತ್ತದೆ!

ಈ ಅಂಕಣಕ್ಕೆ ಮಕ್ಕಳು ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಬ್ಬರಿಗೆ ನಾಟಕದಲ್ಲಿ ಮಾತು ಮರೆತುಹೋಯಿತು, ಇನ್ನೊಬ್ಬರು ರಿಲೇ ಓಟದಲ್ಲಿ ಕೋಲು ಬೀಳಿಸಿದರು, ಮತ್ತೊಬ್ಬರು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಎಡವಿ ಬಿದ್ದರು. ಎಲ್ಲರೂ ಕೇಳುವುದು ಒಂದನ್ನೇ: ‘ಇಡೀ ಶಾಲೆ ನಕ್ಕಿತು. ನಾಳೆ ಹೇಗೆ ಮುಖ ತೋರಿಸಲಿ?’ ಇದಕ್ಕೆ ಉತ್ತರವಾಗಿ ಉಪದೇಶ ಹೇಳುವುದಕ್ಕಿಂತ ಒಬ್ಬ ಮನುಷ್ಯನ ಕಥೆ ಹೇಳುವುದು ಮೇಲು ಎಂದು ನನಗನ್ನಿಸಿತು. ಅವರನ್ನು ನೋಡಿ ನಕ್ಕದ್ದು ಒಂದು ಶಾಲೆಯಲ್ಲ, ಒಂದು ದೇಶ. ಅದೇ ದೇಶದ ಜನ ಮುಂದೆ ಅವರನ್ನು ತಮ್ಮ ಮನೆಯವರಂತೆ ಕಂಡರು. ಅವರ ಹೆಸರು ಜಾನ್-ಮರೀ ಫಾಫ್. ಬೆಲ್ಜಿಯಂ ದೇಶದ ಗೋಲ್‌ಕೀಪರ್. ಆಟ ಬಿಟ್ಟು ಮೂವತ್ತು ವರ್ಷದ ಮೇಲಾಯಿತು.

ಯುರೋಪಿನ ನಕ್ಷೆಯಲ್ಲಿ ಬೆಲ್ಜಿಯಂ ಹುಡುಕಿ. ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ನಡುವೆ ಒತ್ತಿಕೊಂಡು ಕೂತ ಪುಟ್ಟ ದೇಶ. ನಮ್ಮ ಕರ್ನಾಟಕವನ್ನು ಆರು ಭಾಗ ಮಾಡಿದರೆ ಒಂದು ಭಾಗದಷ್ಟೂ ಆಗುವುದಿಲ್ಲ. ಅಷ್ಟರಲ್ಲೇ ಡಚ್, ಫ್ರೆಂಚ್, ಜರ್ಮನ್ ಎಂದು ಮೂರು ಅಧಿಕೃತ ಭಾಷೆಗಳು. ಡಚ್ ಮಾತನಾಡುವ ಉತ್ತರ ಭಾಗಕ್ಕೆ ಫ್ಲಾಂಡರ್ಸ್ ಎಂದು ಹೆಸರು. ಅಲ್ಲಿನ ಲೆಬ್ಬೆಕೆ ಎಂಬ ಊರಿನಲ್ಲಿ 1953ರ ಡಿಸೆಂಬರ್ 4ರಂದು ಫಾಫ್ ಹುಟ್ಟಿದರು. ಮನೆ ತುಂಬ ಮಕ್ಕಳಿದ್ದ ಬಡ ಕುಟುಂಬ. ಮನೆ ಎಂದರೂ ಅದು ಗೋಡೆ ಕಟ್ಟಿದ ಮನೆಯಲ್ಲ, ಚಕ್ರದ ಮೇಲಿನ ಗಾಡಿಮನೆ. ಅಲ್ಲಿ ಅದನ್ನು ಕ್ಯಾರವಾನ್ ಎನ್ನುತ್ತಾರೆ. ಅಂಥ ಇಕ್ಕಟ್ಟಿನಲ್ಲಿ ಬೆಳೆದ ಹುಡುಗ ಇಪ್ಪತ್ತನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಗೋಲನ್ನು ಕಾಯುವ ಕೆಲಸಕ್ಕೆ ನಿಂತ.

ಆಂಟ್ವರ್ಪ್ ನಗರದ ಪಕ್ಕದಲ್ಲಿ ಬೆವೆರೆನ್ ಎಂಬ ಚಿಕ್ಕ ಊರಿದೆ. ಫಾಫ್ ದೊಡ್ಡ ಆಟಗಾರರಾದದ್ದು ಆ ಊರಿನ ಕ್ಲಬ್ಬಿನಲ್ಲಿ. ದೊಡ್ಡ ನಗರದ ಕ್ಲಬ್ಬುಗಳ ಹಣವಾಗಲಿ ಹೆಸರಾಗಲಿ ಬೆವೆರೆನ್‌ಗೆ ಇರಲಿಲ್ಲ. ಆದರೂ 1978ರಲ್ಲಿ ಆ ತಂಡ ಬೆಲ್ಜಿಯಂ ಕಪ್ ಗೆದ್ದಿತು. 1979ರಲ್ಲಿ ಇಡೀ ದೇಶದ ಲೀಗ್ ಚಾಂಪಿಯನ್ ಆಯಿತು. ಅದೇ ಋತುವಿನಲ್ಲಿ ಯುರೋಪಿನ ಕಪ್ ವಿಜೇತರ ಟೂರ್ನಿಯಲ್ಲಿ ಇಟಲಿಯ ಹೆಸರಾಂತ ಇಂಟರ್ ಮಿಲಾನ್ ತಂಡವನ್ನು ಮನೆಗೆ ಕಳಿಸಿ ಸೆಮಿಫೈನಲ್ ತಲುಪಿತು. ಇಂಟರ್ ವಿರುದ್ಧದ ಎರಡೂ ಪಂದ್ಯಗಳಲ್ಲಿ ಬೆವೆರೆನ್ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಸೆಮಿಫೈನಲ್‌ನಲ್ಲಿ ಸ್ಪೇನಿನ ಬಾರ್ಸಿಲೋನಾ ಎದುರು ಸೋತಿತು. ಆ ಸೋಲೂ ಎರಡು ಪಂದ್ಯಗಳಲ್ಲಿ ತಲಾ ಒಂದೇ ಗೋಲಿನದು. ಬೆಲ್ಜಿಯಂ ಲೀಗಿನ ವರ್ಷದ ಶ್ರೇಷ್ಠ ಆಟಗಾರನಿಗೆ ‘ಚಿನ್ನದ ಬೂಟು’ ಎಂಬ ಪ್ರಶಸ್ತಿ ಕೊಡುತ್ತಾರೆ. 1978ರಲ್ಲಿ ಅದು ಸಿಕ್ಕಿದ್ದು ಫಾಫ್‌ಗೆ. ಕೈಯಿಂದ ಆಡುವವನಿಗೆ ಬೂಟು!

ದೇಶದ ತಂಡದಲ್ಲೂ ಫಾಫ್ ಗಟ್ಟಿಯಾಗಿ ನೆಲೆ ನಿಂತರು. 1980ರಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಲ್ಜಿಯಂ ಯಾರೂ ಎಣಿಸದಂತೆ ಫೈನಲ್ ತಲುಪಿತು. ರೋಮ್ ನಗರದಲ್ಲಿ ಪಶ್ಚಿಮ ಜರ್ಮನಿ ಎದುರು ಆಟ 1-1 ಆಗಿ ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗಬೇಕು ಎನ್ನುವಾಗ, ಕೊನೆಯ ನಿಮಿಷಗಳಲ್ಲಿ ಹೋರ್ಸ್ಟ್ ಹ್ರುಬೆಷ್ ಎಂಬ ಎತ್ತರದ ಆಟಗಾರ ತಲೆಯಿಂದ ಗೋಲು ಹೊಡೆದುಬಿಟ್ಟರು. 1982ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಬೆಲ್ಜಿಯಂ ಹಿಂದಿನ ಚಾಂಪಿಯನ್ ಅರ್ಜೆಂಟೀನಾವನ್ನು 1-0ಯಿಂದ ಸೋಲಿಸಿತು. ಎದುರಾಳಿ ತಂಡದಲ್ಲಿ ಡಿಯೇಗೊ ಮರಡೋನ ಇದ್ದರು. ಅದು ಅವರ ಮೊಟ್ಟಮೊದಲ ವಿಶ್ವಕಪ್ ಪಂದ್ಯ.

ಆ ಬೇಸಿಗೆಯಲ್ಲೇ ಜರ್ಮನಿಯ ಅತಿ ದೊಡ್ಡ ಕ್ಲಬ್ ಬಯರ್ನ್ ಮ್ಯೂನಿಕ್ ಫಾಫ್ ಅವರನ್ನು ಕರೆಸಿಕೊಂಡಿತು. ಅಲ್ಲಿ ಅವರಿಗಿಂತ ಮೊದಲು ವರ್ಷಾನುಗಟ್ಟಲೆ ಗೋಲು ಕಾದವರು ಸೆಪ್ ಮೇಯರ್. 1974ರಲ್ಲಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದ ಗೋಲ್‌ಕೀಪರ್. ಕಾರು ಅಪಘಾತದಿಂದ ಅವರ ಆಟ ನಿಂತ ಮೇಲೆ ಆ ಜಾಗ ತುಂಬುವವರು ಯಾರೆಂದು ಮ್ಯೂನಿಕ್‌ನ ಜನ ಹುಡುಕುತ್ತಿದ್ದರು. ಹಾಗಾಗಿ ಬೆಲ್ಜಿಯಂನಿಂದ ಬಂದ ಗುಂಗುರು ಕೂದಲಿನ ಈ ಹೊಸಬನ ಮೇಲೆ ಎಲ್ಲರ ಕಣ್ಣು.

1982ರ ಆಗಸ್ಟ್ 21. ಉತ್ತರ ಜರ್ಮನಿಯ ಬ್ರೆಮೆನ್ ನಗರದಲ್ಲಿ ವೆರ್ಡರ್ ಬ್ರೆಮೆನ್ ತಂಡದ ವಿರುದ್ಧ ಪಂದ್ಯ. ಬಯರ್ನ್ ಪರವಾಗಿ ಫಾಫ್ ಅವರ ಮೊದಲ ಲೀಗ್ ಪಂದ್ಯ.

ಮುಂದಿನದು ಅರ್ಥವಾಗಬೇಕಾದರೆ ಮಕ್ಕಳು ಒಂದು ನಿಯಮ ತಿಳಿದಿರಬೇಕು. ಚೆಂಡು ಅಂಗಳದ ಪಕ್ಕದ ಗೆರೆ ದಾಟಿ ಹೊರಗೆ ಹೋದರೆ ಅದನ್ನು ಎರಡೂ ಕೈಯಿಂದ ತಲೆಯ ಮೇಲಿಂದ ಒಳಗೆ ಎಸೆಯುತ್ತಾರೆ. ಇದೇ ಥ್ರೋ-ಇನ್. ಹೀಗೆ ಎಸೆದ ಚೆಂಡು ಯಾರಿಗೂ ತಾಗದೆ ನೇರವಾಗಿ ಎದುರಾಳಿಯ ಗೋಲಿನೊಳಗೆ ಹೋದರೆ ಅದು ಗೋಲಲ್ಲ. ಗೋಲ್‌ಕೀಪರ್ ಕೈಕಟ್ಟಿ ನಿಂತು ನೋಡಬಹುದು. ರೆಫರಿ ಗೋಲ್‌ಕಿಕ್ ಕೊಡುತ್ತಾರೆ, ಆಟ ಮುಂದುವರಿಯುತ್ತದೆ. ಆದರೆ ಒಳಗಿನ ಯಾರಿಗಾದರೂ ಒಂದಿಷ್ಟು ತಾಗಿ ಹೋದರೆ ಅದು ಗೋಲು.

ಬ್ರೆಮೆನ್ ತಂಡದಲ್ಲಿ ಊವೆ ರೈಂಡರ್ಸ್ ಎಂಬ ಆಟಗಾರ ಇದ್ದರು. ತುಂಬ ದೂರ ಎಸೆಯುವುದರಲ್ಲಿ ಎತ್ತಿದ ಕೈ. ಮೊದಲ ಅರ್ಧ ಮುಗಿಯುವ ಹೊತ್ತಿಗೆ ಅವರು ಎಸೆದ ಚೆಂಡು ಎಲ್ಲರ ತಲೆಯ ಮೇಲಿಂದ ತೇಲಿಕೊಂಡು ಗೋಲಿನ ಮುಂದೆಯೇ ಬಂತು. ಫಾಫ್ ಅದನ್ನು ಹಿಡಿಯಲು ಮೇಲಕ್ಕೆ ಹಾರಿದರು. ಚೆಂಡು ಕೈಗೆ ಸಿಗಲಿಲ್ಲ, ಬೆರಳ ತುದಿಗೆ ತಾಗಿತು. ತಾಗಿ, ಗೋಲಿನೊಳಗೆ ಬಿತ್ತು. ಸುಮ್ಮನೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಮುಟ್ಟಿದ್ದರಿಂದಲೇ ಗೋಲಾಯಿತು. ಆ ಪಂದ್ಯದಲ್ಲಿ ಬಂದದ್ದು ಅದೊಂದೇ ಗೋಲು. ಬಯರ್ನ್ 0-1ರಿಂದ ಸೋತಿತು.

ಆ ಸಂಜೆ ಜರ್ಮನಿಯ ಟಿ.ವಿ.ಯಲ್ಲಿ ಆ ಚಿತ್ರ ಬಂದಾಗ ಎಷ್ಟು ಮನೆಗಳಲ್ಲಿ ನಗು ಎದ್ದಿರಬೇಕು, ನೀವೇ ಊಹಿಸಿ. ದೊಡ್ಡ ಕ್ಲಬ್ಬು ದೂರದಿಂದ ಕರೆತಂದ ಗೋಲ್‌ಕೀಪರ್ ಮೊದಲ ದಿನವೇ ಕೈಯಾರೆ ಚೆಂಡನ್ನು ಒಳಗೆ ತಳ್ಳಿಕೊಂಡ! ಇಂದಿಗೂ ಜರ್ಮನ್ ಫುಟ್‌ಬಾಲಿನ ವಿಚಿತ್ರ ಗೋಲುಗಳ ಮಾತು ಬಂದರೆ ಈ ಗೋಲಿನ ಹೆಸರು ಬಂದೇ ಬರುತ್ತದೆ.

ಇಲ್ಲಿ ನಾನು ಹಿರಿಯರನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ಮೊಮ್ಮಗ ಹೀಗೆ ಮನೆಗೆ ಬಂದರೆ ಏನು ಹೇಳುತ್ತೀರಿ? ‘ಅದನ್ನು ಯಾಕೆ ಮುಟ್ಟಿದೆ? ನಿಯಮ ಗೊತ್ತಿರಲಿಲ್ಲವೇ?’ ಎಂಬ ಮಾತು ಬಾಯಿಗೆ ಮೊದಲು ಬರುತ್ತದೆ. ಆದರೆ ಗೋಲ್‌ಕೀಪರ್ ಎಂದರೆ ಚೆಂಡು ಬಂದಾಗ ಕೈ ಚಾಚುವವನು. ಸಾವಿರ ಸಲ ಅಭ್ಯಾಸ ಮಾಡಿ ಮಾಡಿ ಆ ಕೈಗೆ ಅದೇ ರೂಢಿಯಾಗಿರುತ್ತದೆ. ಯಾವ ಕೈ ಅಂದು ತಪ್ಪಿತೋ ಅದೇ ಕೈ ಉಳಿದ ದಿನ ತಂಡವನ್ನು ಕಾಯಬೇಕು. ಆ ಕೈಗೆ ಹೆದರಿಕೆ ಕಲಿಸಿಬಿಟ್ಟರೆ ಮುಂದೆ ತಡೆಯಬೇಕಾದ ಚೆಂಡಿಗೂ ಅದು ಚಾಚದು.

ಫಾಫ್ ಅವರ ಕೈ ಹೆದರಲಿಲ್ಲ. ಮುಂದಿನ ವಾರ ಮತ್ತೆ ಗೋಲಿನೆದುರು ನಿಂತರು, ಅದರ ಮುಂದಿನ ವಾರವೂ ನಿಂತರು. ಬಯರ್ನ್‌ನಲ್ಲಿ ಆರು ಋತು ಕಳೆದರು, 156 ಲೀಗ್ ಪಂದ್ಯ ಆಡಿದರು. ಆ ಆರು ಋತುಗಳಲ್ಲಿ ತಂಡ 1985, 1986, 1987ರಲ್ಲಿ ಸಾಲಾಗಿ ಮೂರು ಸಲ ಲೀಗ್ ಗೆದ್ದಿತು. ಜರ್ಮನ್ ಕಪ್ ಎರಡು ಸಲ ಬಂತು.

ಅವುಗಳಲ್ಲಿ 1986ರ ಗೆಲುವಿನ ಕಥೆ ಮಾತ್ರ ಹೇಳಲೇಬೇಕು. ಲೀಗ್ ಮುಗಿಯಲು ಎರಡೇ ಪಂದ್ಯ ಬಾಕಿ. ಮೊದಲ ಸ್ಥಾನದಲ್ಲಿ ವೆರ್ಡರ್ ಬ್ರೆಮೆನ್, ಹಿಂದೆಯೇ ಬಯರ್ನ್. ಏಪ್ರಿಲ್ 22ರಂದು ಅದೇ ಬ್ರೆಮೆನ್ ಅಂಗಳದಲ್ಲಿ ಎರಡೂ ತಂಡ ಎದುರಾದವು. ಬ್ರೆಮೆನ್ ಗೆದ್ದರೆ ಅಂದೇ ಚಾಂಪಿಯನ್. ಆಟ 0-0. ಮುಗಿಯಲು ಒಂದೆರಡು ನಿಮಿಷ ಇದ್ದಾಗ ರೆಫರಿ ಬ್ರೆಮೆನ್‌ಗೆ ಪೆನಾಲ್ಟಿ ಕೊಟ್ಟರು. ಹೊಡೆಯಲು ಬಂದವರು ಮಿಖಾಯೆಲ್ ಕುಟ್ಸೋಪ್. ಅಲ್ಲಿಯವರೆಗೆ ಲೀಗಿನಲ್ಲಿ ಒಂದು ಪೆನಾಲ್ಟಿಯನ್ನೂ ತಪ್ಪಿಸದ ಆಟಗಾರ. ಗೋಲಿನಲ್ಲಿ ಫಾಫ್. ನಾಲ್ಕು ವರ್ಷದ ಹಿಂದೆ ಯಾವ ಊರು ನಕ್ಕಿತ್ತೋ ಆ ಊರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದೆ. ಕುಟ್ಸೋಪ್ ಒದ್ದರು. ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು!

ಫಾಫ್ ಅದನ್ನು ತಡೆದರು ಎಂದು ಬರೆದರೆ ಕಥೆ ಇನ್ನೂ ಚೆಂದ ಕಾಣುತ್ತಿತ್ತು. ಆದರೆ ಅವರು ತಡೆಯಲಿಲ್ಲ, ಕಂಬ ತಡೆಯಿತು. ನಾಲ್ಕು ದಿನದ ನಂತರ ಕೊನೆಯ ಪಂದ್ಯದಲ್ಲಿ ಬಯರ್ನ್ 6-0ಯಿಂದ ಗೆದ್ದಿತು, ಬ್ರೆಮೆನ್ ಸೋತಿತು. ಎರಡೂ ತಂಡಗಳ ಅಂಕ ಸಮನಾಗಿ, ಗೋಲು ವ್ಯತ್ಯಾಸದ ಮೇಲೆ ಬಯರ್ನ್ ಚಾಂಪಿಯನ್ ಆಯಿತು. ಒಂದು ದಿನ ಬೆರಳ ತುದಿ ಕೈಕೊಟ್ಟಿತು, ಇನ್ನೊಂದು ದಿನ ಕಂಬ ಕಾಪಾಡಿತು. ಅದೃಷ್ಟಕ್ಕೂ ಆಟದಲ್ಲಿ ಪಾಲಿದೆ. ಕಂಬ ಕಾಪಾಡಬೇಕಾದರೂ ಕಂಬಗಳ ನಡುವೆ ಬಂದು ನಿಲ್ಲುವವನು ಒಬ್ಬ ಬೇಕು, ಅಷ್ಟೇ.

ಎರಡು ತಿಂಗಳೊಳಗೆ ಮೆಕ್ಸಿಕೊದಲ್ಲಿ ವಿಶ್ವಕಪ್. ಫಾಫ್ ಹೆಸರು ಜಗತ್ತಿಗೆಲ್ಲ ತಲುಪಿದ್ದು ಅಲ್ಲಿ. ಆಗ ನಮ್ಮ ಮನೆಗಳಿಗೆ ದೂರದರ್ಶನ ಬಂದಿತ್ತು. ಮೆಕ್ಸಿಕೊದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದ ಆಟ ನಮಗೆ ರಾತ್ರಿ ಹನ್ನೊಂದೂವರೆಗೆ. ಅಲ್ಲಿ ನಾಲ್ಕಕ್ಕೆ ಶುರುವಾದದ್ದು ನಮಗೆ ಬೆಳಗಿನ ಜಾವ ಮೂರೂವರೆಗೆ. ಆ ತಿಂಗಳು ನಿದ್ದೆಗೆಟ್ಟ ಅಜ್ಜಂದಿರು ಇದನ್ನು ಓದುತ್ತಿದ್ದರೆ ಮಕ್ಕಳಿಗೆ ಆ ರಾತ್ರಿಗಳ ವಿಷಯ ಹೇಳಲಿ.

ಬೆಲ್ಜಿಯಂನ ಆರಂಭ ಚೆನ್ನಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ಮೆಕ್ಸಿಕೊ ಎದುರು 1-2ರಿಂದ ಸೋಲು. ಆಮೇಲೆ ಇರಾಕ್ ಮೇಲೆ 2-1ರ ಗೆಲುವು, ಪರಾಗ್ವೆ ಜೊತೆ 2-2ರ ಸಮ. ಗುಂಪಿನಲ್ಲಿ ಮೂರನೆಯ ಸ್ಥಾನ ಪಡೆದು ಹೇಗೋ ಮುಂದಿನ ಸುತ್ತಿಗೆ ತಲುಪಿದರು. ಅಲ್ಲಿ ಎದುರಾದದ್ದು ಬಲಾಢ್ಯ ಸೋವಿಯತ್ ಒಕ್ಕೂಟ. ಇಗೋರ್ ಬೆಲಾನೊವ್ ಒಬ್ಬರೇ ಫಾಫ್ ಅವರನ್ನು ದಾಟಿಸಿ ಮೂರು ಗೋಲು ಹೊಡೆದರು. ಆದರೂ ಹೆಚ್ಚುವರಿ ಸಮಯದಲ್ಲಿ ಬೆಲ್ಜಿಯಂ 4-3ರಿಂದ ಗೆದ್ದಿತು.

ಜೂನ್ 22ರಂದು ಎರಡು ಕ್ವಾರ್ಟರ್ ಫೈನಲ್ ನಡೆದವು. ಮೊದಲನೆಯದರಲ್ಲಿ ಮರಡೋನ ಇಂಗ್ಲೆಂಡ್ ವಿರುದ್ಧ ಕೈಯಿಂದ ಒಂದು ಗೋಲು, ಅರ್ಧ ಅಂಗಳ ಓಡಿ ಇನ್ನೊಂದು ಗೋಲು ಹೊಡೆದರು. ಆ ದಿನ ಎಂದರೆ ಜಗತ್ತಿಗೆ ನೆನಪಾಗುವುದು ಅದೇ. ಆದರೆ ಬೆಲ್ಜಿಯಂ ಜನರಿಗೆ ನೆನಪಾಗುವುದು ಅದೇ ಸಂಜೆ ಪ್ಯೂಬ್ಲಾ ನಗರದಲ್ಲಿ ಸ್ಪೇನ್ ಎದುರು ನಡೆದ ಪಂದ್ಯ. ಯಾನ್ ಸ್ಯೂಲೆಮಾನ್ಸ್ ಗೋಲಿನಿಂದ ಮುಂದಿದ್ದ ಬೆಲ್ಜಿಯಂಗೆ ಕೊನೆಯ ಐದು ನಿಮಿಷ ಇದ್ದಾಗ ಸ್ಪೇನ್ ಸಮ ಮಾಡಿತು. ಹೆಚ್ಚುವರಿ ಸಮಯ ಮುಗಿದರೂ 1-1. ಇನ್ನು ಉಳಿದದ್ದು ಪೆನಾಲ್ಟಿ ಶೂಟೌಟ್.

ಪೆನಾಲ್ಟಿ ಎಂದರೆ ಚೆಂಡು ಗೋಲಿನಿಂದ 11 ಮೀಟರ್ ದೂರದಲ್ಲಿರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದರೆ ಅದು ಗೆರೆ ತಲುಪಲು ಅರ್ಧ ಸೆಕೆಂಡೂ ಬೇಕಿಲ್ಲ. ನೀವು ‘ಅಮ್ಮಾ’ ಎನ್ನುವುದರೊಳಗೆ ಮುಗಿದುಹೋಗುತ್ತದೆ. ಚೆಂಡನ್ನು ನೋಡಿ ಹಾರಿದರೆ ತಡವಾಗುತ್ತದೆ. ಒದೆಯುವವನ ನಡೆ, ಸೊಂಟ, ಪಾದ ನೋಡಿ ಊಹಿಸಿ ಹಾರಬೇಕು. ಸ್ಪೇನಿನ ಎರಡನೆಯ ಪೆನಾಲ್ಟಿ ಹೊಡೆಯಲು ಎಲೊಯ್ ಎಂಬ ಯುವ ಆಟಗಾರ ಬಂದರು. ಫಾಫ್ ಸರಿಯಾದ ಕಡೆಗೇ ಹಾರಿ ತಡೆದರು. ಬೆಲ್ಜಿಯಂನ ಐದೂ ಆಟಗಾರರು ಗೋಲು ಹೊಡೆದರು. 5-4. ಆ ಪುಟ್ಟ ದೇಶ ಮೊದಲ ಬಾರಿಗೆ ವಿಶ್ವಕಪ್ ಸೆಮಿಫೈನಲ್ ತಲುಪಿತು.

ಸೆಮಿಫೈನಲ್‌ನಲ್ಲಿ ಮತ್ತೆ ಮರಡೋನ. ನಾಲ್ಕು ವರ್ಷದ ಹಿಂದಿನ ಹುಡುಗ ಈಗ ಯಾರ ಕೈಗೂ ಸಿಗುವಂತಿರಲಿಲ್ಲ. ಮುಂದೆ ನುಗ್ಗಿ ಬಂದ ಫಾಫ್ ತಲೆಯ ಮೇಲಿಂದ ಎಡಗಾಲ ಹೊರಬದಿಯಲ್ಲಿ ಚೆಂಡನ್ನು ಎತ್ತಿ ಒಂದು ಗೋಲು, ರಕ್ಷಣಾ ಆಟಗಾರರ ಸಾಲನ್ನೇ ದಾಟಿ ಇನ್ನೊಂದು ಗೋಲು. 0-2. ಮೂರನೆಯ ಸ್ಥಾನದ ಪಂದ್ಯದಲ್ಲೂ ಫ್ರಾನ್ಸ್ ಎದುರು 2-4ರಿಂದ ಸೋತು ಬೆಲ್ಜಿಯಂ ನಾಲ್ಕನೆಯ ಸ್ಥಾನ ಪಡೆಯಿತು.

ಮಕ್ಕಳೇ, ಈಗ ಒಂದು ಲೆಕ್ಕ ಮಾಡಿ. ಮೇಲೆ ಕೊಟ್ಟ ಏಳು ಪಂದ್ಯಗಳಲ್ಲಿ ಬೆಲ್ಜಿಯಂ ಬಿಟ್ಟುಕೊಟ್ಟ ಗೋಲು ಎಷ್ಟು? ಎರಡು, ಒಂದು, ಎರಡು, ಮೂರು, ಒಂದು, ಎರಡು, ನಾಲ್ಕು. ಒಟ್ಟು ಹದಿನೈದು. ಬರೀ ಅಂಕಿ ನೋಡಿದವರು ‘ಇವನೇನು ಗೋಲ್‌ಕೀಪರ್?’ ಎಂದು ಕೇಳಬಹುದು. ಆದರೆ ಮೆಕ್ಸಿಕೊದ ಜನ ಫಾಫ್‌ಗೆ ಇಟ್ಟ ಹೆಸರು ‘ಎಲ್ ಸಿಂಪಾತಿಕೊ’. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ನೋಡಿದರೆ ಇಷ್ಟವಾಗುವವನು, ನಗುಮುಖದವನು. ತಂಡ ಊರಿಗೆ ಮರಳಿದಾಗ ಬ್ರಸೆಲ್ಸ್‌ನ ಗ್ರಾಂಡ್ ಪ್ಲಾಸ್ ಚೌಕದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು. ನಗರಸಭೆಯ ಉಪ್ಪರಿಗೆಯಲ್ಲಿ ನಿಂತು ಆಟಗಾರರು ಕೈಬೀಸಿದರು. ಗೆದ್ದು ಕಪ್ ತಂದವರಿಗಲ್ಲ, ನಾಲ್ಕನೆಯವರಾಗಿ ಬಂದವರಿಗೆ ಸಿಕ್ಕ ಸ್ವಾಗತ ಅದು.

ಮರುವರ್ಷ, 1987ರಲ್ಲಿ, ಫುಟ್‌ಬಾಲ್ ಇತಿಹಾಸ ಮತ್ತು ಅಂಕಿಅಂಶಗಳ ಅಂತಾರಾಷ್ಟ್ರೀಯ ಒಕ್ಕೂಟ ಜಗತ್ತಿನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಕೊಟ್ಟಿತು. ಅದು ಬಂದದ್ದು ಫಾಫ್‌ಗೆ. ಅದೇ ವರ್ಷ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಯುರೋಪಿಯನ್ ಕಪ್ ಫೈನಲ್ ನಡೆದಿತ್ತು. ಪೋರ್ಚುಗಲ್‌ನ ಪೋರ್ಟೊ ವಿರುದ್ಧ ಬಯರ್ನ್ ಮುಂದಿತ್ತು. ಅಲ್ಜೀರಿಯದ ರಬಾ ಮಜೇರ್ ಹಿಮ್ಮಡಿಯಿಂದ ತಟ್ಟಿದ ಚೆಂಡು ಗೋಲಿನೊಳಗೆ ಹೋಯಿತು, ಮೂರೇ ನಿಮಿಷದಲ್ಲಿ ಇನ್ನೊಂದೂ ಹೋಯಿತು. ಬಯರ್ನ್ 1-2ರಿಂದ ಸೋತಿತು. ಜಗತ್ತಿನ ಶ್ರೇಷ್ಠ ಎಂಬ ಬಿರುದು ಬಂದ ವರ್ಷದಲ್ಲೇ ಯುರೋಪಿನ ದೊಡ್ಡ ಕಪ್ ಕೈತಪ್ಪಿತು.

ದೇಶಕ್ಕಾಗಿ 64 ಪಂದ್ಯ ಆಡಿದ ಫಾಫ್, ಬಯರ್ನ್ ಬಿಟ್ಟ ಮೇಲೆ ಬೆಲ್ಜಿಯಂನ ಲೀರ್ಸೆ, ಟರ್ಕಿಯ ಟ್ರಾಬ್‌ಜಾನ್‌ಸ್ಪೋರ್ ಕ್ಲಬ್ಬುಗಳಲ್ಲಿ ತಲಾ ಒಂದು ಋತು ಆಡಿ 1990ರಲ್ಲಿ ನಿವೃತ್ತರಾದರು. 2004ರಲ್ಲಿ ಬ್ರೆಜಿಲ್‌ನ ಪೆಲೆ ಬದುಕಿರುವ 125 ಶ್ರೇಷ್ಠ ಆಟಗಾರರ ಪಟ್ಟಿ ಮಾಡಿದಾಗ ಅದರಲ್ಲಿ ಫಾಫ್ ಹೆಸರೂ ಇತ್ತು.

ಇಷ್ಟೇ ಆಗಿದ್ದರೆ ಅವರನ್ನು ಫುಟ್‌ಬಾಲ್ ಪ್ರಿಯರು ಮಾತ್ರ ನೆನೆಯುತ್ತಿದ್ದರು. ಅವರ ಜನಪ್ರಿಯತೆಗೆ ಇನ್ನೊಂದು ಕಾರಣ ಅವರ ಸ್ವಭಾವ. ಗೋಲ್‌ಕೀಪರ್‌ಗಳೆಂದರೆ ಹುಬ್ಬು ಗಂಟಿಕ್ಕಿ ನಿಲ್ಲುವವರು ಎಂಬ ಭಾವನೆ ಇದ್ದ ಕಾಲ ಅದು. ಫಾಫ್ ಗೋಲಿನ ಹಿಂದೆ ಕೂತ ಜನರತ್ತ ತಿರುಗಿ ನಗುತ್ತಿದ್ದರು, ಕೈಬೀಸುತ್ತಿದ್ದರು. ಮ್ಯೂನಿಕ್‌ಗೆ ಹೋದ ಮೇಲೆ ಅಲ್ಲಿನ ಜನರ ಜೊತೆ ಬೆರೆತು ಜರ್ಮನ್ ಭಾಷೆಯಲ್ಲಿ ಹಾಡಿನ ರೆಕಾರ್ಡ್ ಕೂಡ ಹೊರತಂದರು. ನಕ್ಕ ಜನರ ಮೇಲೆ ಮುನಿಸಿಕೊಳ್ಳದೆ ಅವರ ಜೊತೆ ತಾವೂ ನಕ್ಕರು. ಹಾಗೆ ನಗುವವನನ್ನು ಗೇಲಿ ಮಾಡುವುದರಲ್ಲಿ ರುಚಿ ಉಳಿಯುವುದಿಲ್ಲ. ಇದು ಶಾಲೆಯ ಅಂಗಳಕ್ಕೂ ಸಲ್ಲುತ್ತದೆ.

ನಿವೃತ್ತಿಯ ನಂತರ ಆ ಜನಪ್ರಿಯತೆ ಬೇರೆ ದಾರಿ ಹಿಡಿಯಿತು. 2002ರಲ್ಲಿ ಫ್ಲಾಂಡರ್ಸ್‌ನ ವಿ.ಟಿ.ಎಂ. ವಾಹಿನಿ ‘ಡೆ ಫಾಫ್ಸ್’, ಅಂದರೆ ‘ಫಾಫ್ ಮನೆಯವರು’, ಎಂಬ ಕಾರ್ಯಕ್ರಮ ಶುರುಮಾಡಿತು. ಫಾಫ್, ಪತ್ನಿ ಕಾರ್ಮೆನ್, ಮೂವರು ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಹೀಗೆ ಇಡೀ ಕುಟುಂಬದ ದಿನನಿತ್ಯದ ಬದುಕೇ ಅದರ ವಸ್ತು. ಊಟ, ಪ್ರವಾಸ, ಜಗಳ, ನಗು ಎಲ್ಲವೂ ಕ್ಯಾಮೆರಾ ಎದುರು. ಜನ ಮುಗಿಬಿದ್ದು ನೋಡಿದರು, ಕಾರ್ಯಕ್ರಮ ವರ್ಷಾನುಗಟ್ಟಲೆ ನಡೆಯಿತು. ಫಾಫ್ ಚೆಂಡು ಹಿಡಿದದ್ದನ್ನು ಎಂದೂ ನೋಡಿರದ ಮಕ್ಕಳೂ ಅವರನ್ನು ‘ಟಿ.ವಿ.ಯ ಅಜ್ಜ’ನಂತೆ ಗುರುತಿಸಿದರು.

ಈ ವಿಷಯದಲ್ಲಿ ನನ್ನ ಮನಸ್ಸು ಅಷ್ಟು ನೆಮ್ಮದಿಯಾಗಿಲ್ಲ. ಫುಟ್‌ಬಾಲ್ ಅಂಗಳಕ್ಕೆ ಗೆರೆ ಇದೆ. ಚೆಂಡು ಗೆರೆ ದಾಟಿದರೆ ಆಟ ನಿಲ್ಲುತ್ತದೆ. ತೊಂಬತ್ತು ನಿಮಿಷ ಕಳೆದರೆ ರೆಫರಿ ಸೀಟಿ ಊದುತ್ತಾರೆ. ಎಷ್ಟೇ ಅವಮಾನವಾಗಿದ್ದರೂ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಳಬಹುದು. ಮನೆಯೇ ಅಂಗಳವಾದರೆ ಆ ಬಾಗಿಲು ಎಲ್ಲಿದೆ? ಅಂದು ಒಂದು ಪ್ರಸಿದ್ಧ ಕುಟುಂಬ ಟಿ.ವಿ.ಯಲ್ಲಿ ಮಾಡಿದ್ದನ್ನು ಇಂದು ನಾವೆಲ್ಲ ಮೊಬೈಲಿನಲ್ಲಿ ಮಾಡುತ್ತಿದ್ದೇವೆ. ಮಗು ಬಿದ್ದರೆ, ತೊದಲಿದರೆ, ಅತ್ತರೆ ವಿಡಿಯೊ ಮಾಡಿ ನೆಂಟರ ಗುಂಪಿಗೆಲ್ಲ ಕಳಿಸುತ್ತೇವೆ. ಫಾಫ್ ದೊಡ್ಡವರು, ತಾವೇ ಒಪ್ಪಿ ಕ್ಯಾಮೆರಾ ಮುಂದೆ ನಿಂತರು. ನಮ್ಮ ಮನೆಯ ಮಗುವನ್ನು ಯಾರು ಕೇಳಿದರು? ಹಿರಿಯರೇ, ಮುಂದಿನ ಸಲ ಕಳಿಸುವ ಮೊದಲು ಒಂದು ಮಾತು ಕೇಳಿ. ‘ಬೇಡ’ ಎಂದರೆ ಅಳಿಸಿಬಿಡಿ. ತನ್ನ ಎಡವಟ್ಟಿನ ಬಗ್ಗೆ ಮೊದಲು ನಗುವ ಹಕ್ಕು ಎಡವಿದವರದು.

ಫಾಫ್ ಉಳಿಸಿ ಹೋದದ್ದೇನು ಎಂದು ಕೇಳಿದರೆ ಬೆಲ್ಜಿಯಂನಲ್ಲಿ ಬೇರೆ ಬೇರೆ ಉತ್ತರ ಸಿಕ್ಕೀತು. ಗೋಲ್‌ಕೀಪರ್‌ಗಳ ಪರಂಪರೆ ಒಂದು. ಅವರ ನಂತರ ದೇಶದ ಗೋಲಿಗೆ ನಿಂತ ಮಿಷೆಲ್ ಪ್ರ್ಯೂಡೊಮ್ 1994ರ ವಿಶ್ವಕಪ್‌ನಲ್ಲಿ ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ಯಾಶಿನ್ ಪ್ರಶಸ್ತಿ ಪಡೆದರು. 2018ರಲ್ಲಿ ಥಿಬೋ ಕೋರ್ಟ್ವಾ ವಿಶ್ವಕಪ್‌ನ ಚಿನ್ನದ ಕೈಗವಸು ಗೆದ್ದರು. ಆ ವರ್ಷ ಬೆಲ್ಜಿಯಂ ಮೂರನೆಯ ಸ್ಥಾನ ಪಡೆದು 1986ರ ಸಾಧನೆಯನ್ನು ಮೂವತ್ತೆರಡು ವರ್ಷದ ನಂತರ ಮೀರಿಸಿತು. ಫಾಫ್ ಬೆಳೆದ ಬೆವೆರೆನ್ ಕ್ಲಬ್ ಹಣವಿಲ್ಲದೆ ಸೊರಗಿ 2010ರಲ್ಲಿ ಬೇರೊಂದು ಕ್ಲಬ್ ಜೊತೆ ಸೇರಿಹೋಯಿತು. ಆದರೂ 2022ರಲ್ಲಿ ಆ ತಂಡ ಮತ್ತೆ ಎಸ್.ಕೆ. ಬೆವೆರೆನ್ ಎಂಬ ಹಳೆಯ ಹೆಸರನ್ನೇ ಇಟ್ಟುಕೊಂಡಿತು. ಊರಿನವರಿಗೆ ಆ ಹೆಸರಿನಲ್ಲಿ ಕಾಣುವ ಮುಖಗಳಲ್ಲಿ ಗುಂಗುರು ಕೂದಲಿನದೂ ಒಂದು.

ನನಗೆ ಮಾತ್ರ ಅವರು ಉಳಿಸಿದ್ದರಲ್ಲಿ ದೊಡ್ಡದು ಬ್ರೆಮೆನ್‌ನ ಆ ಬೆರಳ ತುದಿ. 1982ರ ಗೋಲು ಅಳಿಸಿಹೋಗಿಲ್ಲ. ದಾಖಲೆಯಲ್ಲಿ ಇವತ್ತಿಗೂ ಇದೆ, ಅದನ್ನು ನೋಡಿ ಇವತ್ತಿಗೂ ಜನ ನಗುತ್ತಾರೆ. ಆದರೆ ಅದರ ಪಕ್ಕದಲ್ಲಿ ಎಲೊಯ್ ಪೆನಾಲ್ಟಿ ಬಂದು ಕೂತಿದೆ, ಮೂರು ಲೀಗ್ ಪ್ರಶಸ್ತಿ ಕೂತಿವೆ, ಮೆಕ್ಸಿಕೊ ಜನ ಇಟ್ಟ ಹೆಸರು ಕೂತಿದೆ. ಎಡವಿದ್ದನ್ನು ಅಳಿಸಲು ಯಾರಿಂದಲೂ ಆಗದು. ಅದರ ಪಕ್ಕದಲ್ಲಿ ಬೇರೆ ನೆನಪುಗಳು ಬಂದು ಕೂರುವಂತೆ ಮಾಡಬಹುದು. ಅದಕ್ಕೆ ಮರುದಿನ ಶಾಲೆಗೆ ಹೋಗಲೇಬೇಕು.

ಈ ವಾರದ ಕೆಲಸ: ಅಜ್ಜ-ಅಜ್ಜಿಯ ಜೊತೆ ಬಯಲಿಗೆ ಹೋಗಿ. ಇಪ್ಪತ್ತನಾಲ್ಕು ಅಡಿ ದೂರದಲ್ಲಿ ಎರಡು ಕೋಲು ನೆಡಿ. ಅಲ್ಲಿಂದ ಮೂವತ್ತಾರು ಅಡಿ ಅಳೆದು ಚೆಂಡು ಇಡಿ. ಹತ್ತು ಸಲ ಒದೆಯಲು ಗೆಳೆಯರಿಗೆ ಹೇಳಿ, ನೀವು ನಡುವೆ ನಿಲ್ಲಿ. ಎಷ್ಟು ಹೋಯಿತು ಎಂದು ಎಣಿಸುವವರು ತುಂಬ ಜನ ಸಿಗುತ್ತಾರೆ. ಎಷ್ಟು ತಡೆದಿರಿ ಎಂದು ಅಜ್ಜ-ಅಜ್ಜಿ ಎಣಿಸಲಿ. ಆಮೇಲೆ ಆ ಅಂಕಿಯನ್ನು ನನಗೆ ಬರೆದು ಕಳಿಸಿ. ಒಂದೇ ಆದರೂ ಸರಿ, ಖಂಡಿತ ಕಳಿಸಿ.